ಮನೆ ಕಟ್ಟಿ ನೋಡಿದ ಕಾಲ್ಚೆಂಡಿನವರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಅರ್ಥವನ್ನು ಸಂಸಾರವಂದಿಗರಾದ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಹಳೆಯ ಮನೆಯನ್ನು ಕೆಡವಿ ಹೊಸದನ್ನೆಬ್ಬಿಸುವಾಗ ಬಾಡಿಗೆಯ ಮನೆಯಲ್ಲಿ ಕಾಲ ಕಳೆಯುತ್ತ, ದಿನವೂ ಸಂಜೆ ಗೋಡೆ ಎಷ್ಟು ಮೇಲಕ್ಕೆ ಬಂದಿತೆಂದು ನೋಡಿಬರುವ ಯಜಮಾನನ ಸುಖದುಃಖಗಳು ಅನುಭವಿಸಿದವರಿಗೇ ಗೊತ್ತು. ಬರ್ಲಿನ್ ನಗರದ ಯೂನಿಯನ್ ಎಂಬ ಕಾಲ್ಚೆಂಡಿನ ಸಂಘದವರು 2008ನೆಯ ಇಸವಿಯ ಬೇಸಗೆಯಿಂದ ಮರುವರುಷದ ಬೇಸಗೆಯವರೆಗೆ ಇದೇ ಸ್ಥಿತಿಯಲ್ಲಿದ್ದರು. ಆಗ ಅವರು ಆಡುತ್ತಿದ್ದುದು ಜರ್ಮನಿಯ ಮೂರನೆಯ ಶ್ರೇಣಿಯಲ್ಲಿ. ದೊಡ್ಡ ತಂಡಗಳ ದೊಡ್ಡ ಪಂದ್ಯಗಳ ವರ್ತಮಾನ ಎಲ್ಲರ ಕಿವಿಗೂ ಬೀಳುತ್ತದೆ. ಕೆಳಗಣ ಶ್ರೇಣಿಯಲ್ಲಿ ನಡೆದ ಈ ಒಂದು ವರುಷದ ಕಥೆಯನ್ನು ಇಲ್ಲಿ ಹೇಳುವುದು ನಮ್ಮ ಉದ್ದೇಶ.

ಬರ್ಲಿನ್ನಿನ ಆಗ್ನೇಯದಲ್ಲಿ, ಸ್ಪ್ರೇ ನದಿಯ ದಡದಲ್ಲಿ, ಓಬರ್‌ಶೋನೆವೈಡೆ ಎಂಬ ಕಾರ್ಖಾನೆಗಳ ಪೇಟೆಯುಂಟು. ಸಂಘದ ಮೂಲ ಅಲ್ಲಿಯದು, 1906ರದು. ಆಟಗಾರರು ತೊಡುತ್ತಿದ್ದ ನೀಲಿಯ ಉಡುಪು ಕಾರ್ಖಾನೆಯ ಕೆಲಸಗಾರರ ಉಡುಪನ್ನು ಹೋಲುತ್ತಿದ್ದುದರಿಂದ ಜನರು ಅವರನ್ನು ಕಬ್ಬಿಣದ ಕೆಲಸದ ಹುಡುಗರೆಂದು ಕರೆದರು. ‘ಉಕ್ಕಿನ ಯೂನಿಯನ್’ ಎಂಬ ಕೂಗು ಇಂದಿಗೂ ಅವರ ಬಯಲಿನಲ್ಲಿ ಕೇಳುತ್ತದೆ. ಹತ್ತಿರದ ಕಾಡಿನ ಅಂಚಿನಲ್ಲಿ 1920ರಲ್ಲಿ ಅವರಿಗೊಂದು ಆಟದ ಬಯಲಾಯಿತು. ಅಲ್ಲಿದ್ದ ಅರಣ್ಯಪಾಲಕನ ಹಳೆಯ ಮನೆಯಿಂದಾಗಿ ಅದಕ್ಕೆ ‘ಆಲ್ಟೆ ಫೋರ್ಸ್ಟರೈ’ ಎಂಬ ಹೆಸರು ನಿಂತಿತು. ದೇಶ ಇಬ್ಭಾಗವಾದ ಮೇಲೆ ಆ ಭಾಗವೆಲ್ಲ ಪೂರ್ವ ಜರ್ಮನಿಗೆ ಸೇರಿತು. ಈಗಿನ ಹೆಸರಿನ ಸಂಘ ಏರ್ಪಟ್ಟುದು 1966ರಲ್ಲಿ. 1968ರಲ್ಲಿ ಒಮ್ಮೆ ಪೂರ್ವ ಜರ್ಮನಿಯ ಕಪ್ಪನ್ನು ಗೆದ್ದುದು ಬಿಟ್ಟರೆ ಆ ಕಾಲದಲ್ಲಿ ಅವರಿಗೆ ಹೇಳಿಕೊಳ್ಳುವಂಥ ಪ್ರಶಸ್ತಿಯೇನೂ ದೊರೆಯಲಿಲ್ಲ. ಅದೇ ನಗರದ ಡೈನಮೋ ತಂಡವಾದರೋ ಗುಪ್ತ ಪೊಲೀಸ್ ಇಲಾಖೆಯ ಮುಖ್ಯಸ್ಥನ ಕೃಪೆಗೆ ಪಾತ್ರವಾಗಿ 1979ರಿಂದ 1988ರವರೆಗೆ ಹತ್ತು ವರುಷ ಒಂದೇ ಸಮನೆ ದೇಶದ ಪ್ರಥಮ ಸ್ಥಾನದಲ್ಲಿತ್ತು. ಇವೆರಡು ತಂಡಗಳ ಅಭಿಮಾನಿಗಳ ನಡುವೆ ಎಂಥ ಪ್ರೀತಿಯಿದ್ದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ದೇಶವೊಂದಾದ ತರುವಾಯ ಯೂನಿಯನ್ನಿಗೆ ಸರಕಾರದ ಭಯ ತಪ್ಪಿತು, ಸಾಲದ ಭಯ ಹಿಡಿಯಿತು. 2001ರಲ್ಲಿ ಮೂರನೆಯ ಶ್ರೇಣಿಯಲ್ಲಿದ್ದುಕೊಂಡೇ ಇಡೀ ಜರ್ಮನಿಯ ಕಪ್ಪಿನ ಕೊನೆಯ ಪಂದ್ಯದವರೆಗೆ ನಡೆದುಹೋದ ತಂಡವು, 2004ರಲ್ಲಿ ಮುಂದಿನ ವರುಷದ ಪರವಾನಗಿಗೆ ಬೇಕಾದ ಹಣದ ಭದ್ರತೆಯನ್ನು ತೋರಿಸಲಾರದೆ ಮುಗ್ಗರಿಸುವಂತಾಯಿತು. ರಕ್ತದಾನ ಮಾಡಿದವರಿಗೆ ಆ ದೇಶದಲ್ಲಿ ಸ್ವಲ್ಪ ಹಣ ಕೊಡುವ ರೂಢಿಯುಂಟು. ಅಭಿಮಾನಿಗಳು ಸಾಲಾಗಿ ಹೋಗಿ ರಕ್ತವನ್ನು ಕೊಟ್ಟು, ಬಂದ ಹಣವನ್ನು ಸಂಘದ ಪೆಟ್ಟಿಗೆಗೆ ಹಾಕಿದರು. ಬೆವರು ಸುರಿಸುವೆವು, ರಕ್ತ ಸುರಿಸುವೆವು ಎಂದು ಭಾಷಣ ಮಾಡುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಈ ಜನ ಅದನ್ನು ಅಕ್ಷರಶಃ ಮಾಡಿದರು. ಸಂಘ ಉಳಿಯಿತು. ಆದರೂ ಮರುವರುಷ ನಾಲ್ಕನೆಯ ಶ್ರೇಣಿಗೆ ಜಾರಿ, 2006ರಲ್ಲಿ ಮತ್ತೆ ಮೇಲೆದ್ದಿತು.

ಅಷ್ಟು ಹೊತ್ತಿಗೆ ಆಟದ ಬಯಲು ಶಿಥಿಲವಾಗಿತ್ತು. ಜನರು ನಿಂತು ನೋಡುವ ಮೆಟ್ಟಿಲುಗಳು ಬಿರಿದು, ಸಂದುಗಳಲ್ಲಿ ಹುಲ್ಲು ಬೆಳೆದಿತ್ತು. ಆಟದ ಮೇಲಧಿಕಾರಿಗಳು ವರುಷ ವರುಷವೂ ವಿನಾಯಿತಿ ಕೊಡುತ್ತ ಬಂದಿದ್ದರು. ಅದು ಎಂದೆಂದಿಗೂ ನಡೆಯುವಂತಿರಲಿಲ್ಲ. ಬಯಲು ಸರಿಹೋಗದಿದ್ದರೆ ತಂಡ ಎಷ್ಟು ಗೆದ್ದರೂ ಮೇಲಿನ ಶ್ರೇಣಿಯ ಬಾಗಿಲು ತೆರೆಯದು. ಗುತ್ತಿಗೆದಾರರಿಗೆ ವಹಿಸಿ ಪೂರ್ತಿ ಕಟ್ಟಿಸೋಣವೆಂದರೆ ಕೈಯಲ್ಲಿ ಹಣವಿಲ್ಲ. ಆಗ ಅಭಿಮಾನಿಗಳು, ಕೂಲಿಯಿಲ್ಲದೆ ನಾವೇ ಕಟ್ಟುತ್ತೇವೆಂದು ಮುಂದೆ ಬಂದರು.

2008ರ ಬೇಸಗೆಯಲ್ಲಿ ಕೆಲಸ ಮೊದಲಾಯಿತು. ಕಸುಬು ಬಲ್ಲವರ ಮೇಲ್ವಿಚಾರಣೆಯಲ್ಲಿ, ಹಾರೆ ಗುದ್ದಲಿ ಹಿಡಿದೇ ಅರಿಯದವರೂ ಹಳೆಯ ಮೆಟ್ಟಿಲುಗಳನ್ನು ಒಡೆದರು, ಕಂಬಿ ಕಟ್ಟಿದರು, ಕಾಂಕ್ರೀಟು ಹಾಕಿದರು. ಉದ್ಯೋಗದಲ್ಲಿದ್ದವರು ವರುಷದ ರಜವನ್ನು ಇದಕ್ಕೇ ತೆಗೆದಿಟ್ಟರು. ಉದ್ಯೋಗವಿಲ್ಲದವರು ದಿನವೂ ಬಂದರು. ಚಳಿಗಾಲದಲ್ಲೂ ಕೆಲಸ ನಿಲ್ಲಲಿಲ್ಲ. ಮೂರು ಪಾರ್ಶ್ವಗಳಲ್ಲಿ ಹೊಸ ಮೆಟ್ಟಿಲುಗಳು ಎದ್ದು, ಅವುಗಳ ಮೇಲೆ ಛಾವಣಿ ಬಂದಿತು; ಹಿಮ ಬಿದ್ದರೂ ನೆಲ ಗಟ್ಟಿಯಾಗದಂತೆ ಬಯಲಿನ ಅಡಿಯಲ್ಲಿ ಶಾಖದ ಕೊಳವೆಗಳನ್ನು ಹೂಳಲಾಯಿತು. ಎಲ್ಲ ಮುಗಿದು ಲೆಕ್ಕ ಹಾಕಿದಾಗ, ಎರಡು ಸಾವಿರಕ್ಕೂ ಹೆಚ್ಚು ಮಂದಿ ಒಟ್ಟು ಸುಮಾರು 1,40,000 ಗಂಟೆಗಳ ಕಾಲ ದುಡಿದಿದ್ದರೆಂದು ಗೊತ್ತಾಯಿತು. ನಿಂತು ನೋಡುವ ಪದ್ಧತಿಯನ್ನು ಮಾತ್ರ ಅವರು ಬಿಡಲಿಲ್ಲ. ಕುರ್ಚಿ ಹಾಕಿಸಿಕೊಂಡು ಆಟ ನೋಡುವುದು ಅವರಿಗೆ ಒಗ್ಗದು.

ಈ ನಡುವೆ ತಂಡವು ಆಡಬೇಕಷ್ಟೆ? ಬಾಡಿಗೆಯ ಮನೆಯಾಗಿ ದೊರೆತುದು ನಗರದ ಇನ್ನೊಂದು ಭಾಗದ ಯಾನ್ ಕ್ರೀಡಾಂಗಣ. ಹಿಂದೆ ಬರ್ಲಿನ್ನನ್ನು ಸೀಳಿದ್ದ ಗೋಡೆ ಅದರ ಮಗ್ಗುಲಲ್ಲೇ ಹಾದುಹೋಗಿತ್ತು. ಡೈನಮೋ ತಂಡವು ತನ್ನ ವೈಭವದ ದಿನಗಳಲ್ಲಿ ಆಡುತ್ತಿದ್ದುದೂ ಅಲ್ಲಿಯೇ. ದಾಯಾದಿಯ ಜಗಲಿಯಲ್ಲಿ ಕುಳಿತು ಊಟ ಮಾಡಿದಂತೆ ಯೂನಿಯನ್ನಿನವರು ಒಂದು ವರುಷವನ್ನು ಅಲ್ಲಿ ಕಳೆದರು.

ಮೂರನೆಯ ಶ್ರೇಣಿಯು ಇಡೀ ದೇಶಕ್ಕೆ ಒಂದೇ ಆಗಿ ಏರ್ಪಟ್ಟುದು ಆ ವರುಷವೇ. ಇಪ್ಪತ್ತು ತಂಡಗಳು, ಪ್ರತಿಯೊಂದಕ್ಕೂ ಮೂವತ್ತೆಂಟು ಪಂದ್ಯಗಳು, ಮೊದಲಿನ ಇಬ್ಬರು ನೇರವಾಗಿ ಮೇಲಕ್ಕೆ, ಮೂರನೆಯವರು ಮೇಲಿನ ಶ್ರೇಣಿಯ ತಂಡವೊಂದರೊಡನೆ ಸೆಣಸಿ ಗೆದ್ದರೆ ಮೇಲಕ್ಕೆ, ಕೊನೆಯ ಮೂವರು ಕೆಳಕ್ಕೆ. 2008ರ ಜುಲೈ 25ರಂದು ಏರ್‌ಫುರ್ಟಿನಲ್ಲಿ ಮೊದಲ ಪಂದ್ಯ ನಡೆದು ಡ್ರೆಸ್ಡೆನ್ನಿನವರು ಒಂದು ಗೋಲಿನಿಂದ ಗೆದ್ದರು. ಈ ಶ್ರೇಣಿಯಲ್ಲಿ ಕಾಲಿನ ಬಲದಷ್ಟೇ ಖಾತೆಪುಸ್ತಕದ ಬಲವೂ ಬೇಕು. ಎಮ್ಡೆನ್ ಎಂಬ ಸಣ್ಣ ರೇವುಪಟ್ಟಣದ ತಂಡವು ಆರನೆಯದಾಗಿ ಮುಗಿಸಿಯೂ, ಮುಂದಿನ ವರುಷದ ವೆಚ್ಚ ಹೊಂದದೆ ತಾನಾಗಿ ಹಿಂದೆಗೆಯಿತು. ಅದರ ಫಲವಾಗಿ ಹದಿನೆಂಟನೆಯದಾಗಿ ಬೀಳಬೇಕಾಗಿದ್ದ ಬುರ್ಗ್‌ಹೌಸನ್ನಿನ ತಂಡ ಉಳಿದುಕೊಂಡಿತು. ಡ್ಯೂಸೆಲ್ಡಾರ್ಫಿನ ಫೋರ್ಟೂನಾ ತಂಡವು ಮೇಲೇರಿದ ಕೊನೆಯ ದಿನದ ಪಂದ್ಯವನ್ನು ನೋಡಲು ಸುಮಾರು ಐವತ್ತು ಸಾವಿರ ಜನ ನೆರೆದಿದ್ದರಂತೆ. ಮೂರನೆಯ ದರ್ಜೆಯ ಆಟಕ್ಕೆ ಐವತ್ತು ಸಾವಿರ!

ಯೂನಿಯನ್ನಿನ ತಂಡವು ತರಬೇತುದಾರ ಊವೆ ನೊಯ್‌ಹೌಸರ ಕೈಕೆಳಗೆ ಆಡಂಬರವಿಲ್ಲದೆ, ಆದರೆ ಬಿಗಿಯಾಗಿ ಆಡಿತು. ಮೂವತ್ತೆಂಟು ಪಂದ್ಯಗಳಲ್ಲಿ ಸೋತುದು ನಾಲ್ಕೇ. 78 ಅಂಕಗಳೊಡನೆ ಅದು ಪ್ರಥಮ ಸ್ಥಾನದಲ್ಲಿ ನಿಂತಿತು; ಎರಡನೆಯದಾದ ಫೋರ್ಟೂನಾಕ್ಕೆ ದೊರೆತುದು 69. ಹೀಗಾಗಿ ಕೊನೆಯ ಪಂದ್ಯಕ್ಕೆ ಮುಂಚೆಯೇ ಯಾವ ಸಂಶಯವೂ ಉಳಿದಿರಲಿಲ್ಲ. ಕಟ್ಟುವವರು ಆಡುವವರಿಗೆ ಹುರುಪು ಕೊಟ್ಟರೋ, ಆಡುವವರು ಕಟ್ಟುವವರಿಗೆ ಕೊಟ್ಟರೋ ನಾವು ಹೇಳಲಾರೆವು. ಬಾಡಿಗೆಯ ಮನೆಯಲ್ಲಿದ್ದಾಗಲೇ ಮಗನಿಗೆ ದೊಡ್ಡ ಕೆಲಸ ಸಿಕ್ಕಿದಂತಾಯಿತು ಎಂದಷ್ಟೇ ಹೇಳಬಲ್ಲೆವು.

2009ರ ಜುಲೈ 8ರಂದು ಗೃಹಪ್ರವೇಶ. ನಗರದ ಪಶ್ಚಿಮ ಭಾಗದ ಹೆರ್ತಾ ತಂಡವನ್ನು ಅತಿಥಿಯಾಗಿ ಕರೆದಿದ್ದರು. ಅತಿಥಿಗಳು ಐದು ಗೋಲು ಹೊಡೆದರು, ಮನೆಯವರು ಮೂರು. ಸೋಲಿನ ಕಡೆಗೆ ಗಮನವಿಟ್ಟವರು ಬಹಳ ಮಂದಿ ಇದ್ದಿರಲಾರರು. ಅವರೆಲ್ಲ ತಾವೇ ಹಾಕಿದ ಮೆಟ್ಟಿಲಿನ ಮೇಲೆ ನಿಂತಿದ್ದರು. ದುಡಿದವರ ಹೆಸರುಗಳನ್ನು ಕೆತ್ತಿಸಿ, ಕೆಲಸಗಾರರು ತಲೆಗಿಡುವ ಕೆಂಪು ಟೋಪಿಯ ದೊಡ್ಡದೊಂದು ಪ್ರತಿಕೃತಿಯನ್ನು ಬಯಲಿನ ಬಳಿ ನಿಲ್ಲಿಸಿದ್ದಾರೆ.

ಅಲ್ಲಿಂದ ಹತ್ತು ವರುಷ ಎರಡನೆಯ ಶ್ರೇಣಿಯಲ್ಲಿ ಕಳೆದು, 2019ರಲ್ಲಿ ಯೂನಿಯನ್ ತಂಡವು ಮೊದಲ ಬಾರಿಗೆ ಜರ್ಮನಿಯ ಅತ್ಯುನ್ನತ ಶ್ರೇಣಿಗೆ ಏರಿತು. ಆ ವರುಷದ ಆಗಸ್ಟಿನಲ್ಲಿ ಆ ಬಯಲಿನಲ್ಲಿ ನಡೆದ ಮೊದಲನೆಯ ಪಂದ್ಯಕ್ಕೆ ಜನರು ಮನೆಯಿಂದ ಚಿತ್ರಪಟಗಳನ್ನು ಹಿಡಿದು ಬಂದರು. ಅವು ಆ ದಿನವನ್ನು ಕಾಣದೆ ತೀರಿಕೊಂಡ ತಂದೆತಾಯಿಯರ, ಅಣ್ಣತಮ್ಮಂದಿರ, ಗೆಳೆಯರ ಚಿತ್ರಗಳು. ಆಟ ಮೊದಲಾಗುವ ಮುನ್ನ ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ಎಲ್ಲ ಪಾರ್ಶ್ವಗಳಿಂದಲೂ ಮೇಲೆತ್ತಿ ಹಿಡಿದರು. ಆ ದಿನ ಲೈಪ್‌ಜಿಗ್ಗಿನವರು ನಾಲ್ಕು ಗೋಲು ಹೊಡೆದು ಗೆದ್ದರು. ಯೂನಿಯನ್ನಿಗೆ ಒಂದೂ ಬರಲಿಲ್ಲ.