ಹಳೆಯ ಕಂಪ್ಯೂಟರ್‌ಗಳನ್ನು ಜೋಡಿಸಿ ಗೀತೆಗಳ ಧ್ವನಿಮುದ್ರಣ

ಧರ್ಮಕೇಂದ್ರದ ಗಾಯನ ವೃಂದ ತನ್ನದೇ ಗೀತೆಗಳನ್ನು ಧ್ವನಿಮುದ್ರಿಸಲು ಹೊರಟಾಗ ಮೊದಲು ಎದುರಾಗುವುದು ಖರ್ಚಿನ ಪ್ರಶ್ನೆ. ಕರಾವಳಿಯವರಿಗೆ ಮಂಗಳೂರಿನ ಸ್ಟುಡಿಯೋಗಳು ಹತ್ತಿರ. ರಾಯಚೂರು ಜಿಲ್ಲೆಯ ಮಲ್ಲಟದಂತಹ ಊರಿನವರಿಗೆ ದೂರದ ನಗರಕ್ಕೆ ಹೋಗಿ ಬರುವುದೇ ದೊಡ್ಡ ಹೊರೆ. ಊರಲ್ಲೇ ಮಾಡೋಣವೆಂದರೆ, ವಯಲಿನ್, ಕೊಳಲು, ಪಿಯಾನೊಗಳ ಧ್ವನಿಗಳನ್ನೆಲ್ಲ ತುಂಬಿದ ಒಂದೇ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಹಾಡು ತುಂಡುತುಂಡಾಗಿ ಕೇಳಿಸುತ್ತದೆ. ಮೂಲೆಯಲ್ಲಿರುವ ಹಳೆಯ ಕಂಪ್ಯೂಟರ್‌ಗಳನ್ನು ನೆರವಿಗೆ ಕರೆಯಬಹುದೇ ಎಂಬುದನ್ನು ಇಲ್ಲಿ ನೋಡೋಣ.

ಉಪಾಯ ಹಳೆಯದೇ. 32 ಬಿಟ್ ಕಂಪ್ಯೂಟರ್‌ಗಳ ಮೆಮೊರಿ ಸುಮಾರು 4 ಜಿ.ಬಿ.ಗೆ ಸೀಮಿತವಾಗಿದ್ದ ದಿನಗಳಲ್ಲಿ ಸಂಗೀತ ಸಂಯೋಜಕರು ಒಂದೊಂದು ವಾದ್ಯವರ್ಗಕ್ಕೆ ಒಂದೊಂದು ಯಂತ್ರ ಇಡುತ್ತಿದ್ದರು. 2004ರಲ್ಲಿ ಬಂದ ಆಪಲ್‌ನ ಲಾಜಿಕ್ ಪ್ರೊ 7 ನೆಟ್‌ವರ್ಕ್ ಮೂಲಕ ಬೇರೆ ಮ್ಯಾಕ್‌ಗಳಿಗೆ ಕೆಲಸ ಹಂಚಿತು. ಈಗ ವಿಯೆನ್ನಾ ಎನ್ಸೆಂಬಲ್ ಪ್ರೊ ಎಂಬ ತಂತ್ರಾಂಶ ಇದನ್ನೇ ಮಾಡುತ್ತದೆ.

ಮುಖ್ಯ ಕಂಪ್ಯೂಟರ್‌ನಿಂದ ಹೋಗುವುದು ಸ್ವರಗಳ ಸೂಚನೆ ಮಾತ್ರ: ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ. ಸಹಾಯಕ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿರುವ ವಯಲಿನ್ ನುಡಿಸಿ ಧ್ವನಿಯನ್ನು ಹಿಂದಿರುಗಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳ, 24 ಬಿಟ್‌ನ ಸ್ಟೀರಿಯೋ ಧ್ವನಿಗೆ ಬೇಕಾದದ್ದು ಸುಮಾರು 2.1 ಮೆಗಾಬಿಟ್. ಗಿಗಾಬಿಟ್ ಕೇಬಲ್ ಸಾವಿರ ಮೆಗಾಬಿಟ್ ಒಯ್ಯಬಲ್ಲದು. ಹಾಗಾಗಿ ಜಾಗದ ಕೊರತೆಯಿಲ್ಲ. ತೊಂದರೆ ಇರುವುದು ಸಮಯದಲ್ಲಿ. ವೈಫೈನಲ್ಲಿ ಸಂಕೇತ ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುತ್ತದೆ, ತಾಳ ಕೆಡುತ್ತದೆ. ಆದ್ದರಿಂದ ಸ್ವಿಚ್ ಮತ್ತು ಕೇಬಲ್ ಕಡ್ಡಾಯವೆಂದೇ ತಿಳಿಯಿರಿ.

ಕೇಬಲ್ ಇದ್ದರೂ ಅಲ್ಪ ವಿಳಂಬ ಇದ್ದೇ ಇರುತ್ತದೆ. 512 ಮಾದರಿಗಳ ಒಂದು ಬಫರ್ ಎಂದರೆ ಸುಮಾರು 12 ಮಿಲಿಸೆಕೆಂಡ್. ಮೊದಲೇ ದಾಖಲಿಸಿದ ಸ್ವರಗಳನ್ನು ಮರಳಿ ನುಡಿಸುವಾಗ ತಂತ್ರಾಂಶ ಇದನ್ನು ಸರಿದೂಗಿಸುತ್ತದೆ. ಕೀಬೋರ್ಡ್ ವಾದಕರು ನೇರವಾಗಿ ನುಡಿಸುವಾಗ ಮಾತ್ರ ಆ ಎಳೆತ ಬೆರಳಿಗೆ ತಿಳಿಯುತ್ತದೆ. ಗಾಯಕರ ಧ್ವನಿಮುದ್ರಣವನ್ನು ಮುಖ್ಯ ಯಂತ್ರದಲ್ಲೇ ಇಟ್ಟುಕೊಳ್ಳುವುದು ಲೇಸು. ಅಂದಹಾಗೆ, ಪ್ರತಿ ಯಂತ್ರಕ್ಕೂ ತಂತ್ರಾಂಶದ ಪರವಾನಗಿ ಬೇಕಾಗಬಹುದು. ಕದ್ದ ತಂತ್ರಾಂಶದಲ್ಲಿ ಭಕ್ತಿಗೀತೆ ಮಾಡುವುದು ನಮಗಂತೂ ಒಪ್ಪಿಗೆಯಿಲ್ಲ. ಯು.ಪಿ.ಎಸ್. ಸಹ ಎಲ್ಲ ಯಂತ್ರಗಳಿಗೂ ಇರಲಿ: ಸಹಾಯಕ ಯಂತ್ರಕ್ಕೆ ಕರೆಂಟ್ ಹೋದರೆ ಹಾಡಿನಿಂದ ವಯಲಿನ್‌ಗಳೇ ಮಾಯ.

ಹಾಡುಗಾರರು, ಹಾರ್ಮೋನಿಯಂ, ತಬಲಾ ಇಷ್ಟೇ ಇದ್ದರೆ ಈ ಜೋಡಣೆಯ ಗೋಜೇ ಬೇಡ. ಭಾರವಾದ ಒಂದೆರಡು ವಾದ್ಯಗಳಿದ್ದರೂ ಅವನ್ನು ‘ಫ್ರೀಜ್’ ಮಾಡಿ, ಅಂದರೆ ಧ್ವನಿಕಡತವಾಗಿ ಪರಿವರ್ತಿಸಿ ನೋಡಿ. ಎಷ್ಟೋ ಸಲ ಒಂದೇ ಕಂಪ್ಯೂಟರ್ ಸಾಕಾಗುತ್ತದೆ.