ಗಣಿಗೆ ಇಳಿಯುವ ನೀರಿನ ಲೆಕ್ಕ

ಒಂದು ಹೆಕ್ಟೇರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10 ಘನ ಮೀಟರ್, ಅಂದರೆ 10 ಸಾವಿರ ಲೀಟರ್ ನೀರು. ಹೊಲದಲ್ಲಾದರೆ ಅದು ಒಂದಿಷ್ಟು ಇಂಗುತ್ತದೆ, ಉಳಿದದ್ದು ಹಳ್ಳ ಸೇರುತ್ತದೆ. ತೆರೆದ ಕಲ್ಲಿದ್ದಲು ಗಣಿಯಲ್ಲಿ ಅದಕ್ಕೆ ಹೊರಹೋಗುವ ದಾರಿಯೇ ಇಲ್ಲ. ಬಿದ್ದದ್ದರಲ್ಲಿ ಬಹುಪಾಲು ತಳಕ್ಕೆ ಇಳಿಯುತ್ತದೆ, ಇಳಿದ ಪ್ರತಿ ಲೀಟರನ್ನೂ ದುಡ್ಡು ಕೊಟ್ಟು ಮೇಲೆತ್ತಬೇಕು.

2019ರ ಸೆಪ್ಟೆಂಬರ್ ಕೊನೆಯಲ್ಲಿ ಛತ್ತೀಸಗಡದ ಕೋರ್ಬಾ ಜಿಲ್ಲೆಯ ದೀಪ್ಕಾ ಗಣಿಗೆ ಲೀಲಾಗರ್ ನದಿಯ ನೀರು ನುಗ್ಗಿತು. ಆಗ ವರ್ಷಕ್ಕೆ 35 ದಶಲಕ್ಷ ಟನ್ ಸಾಮರ್ಥ್ಯದ ಗಣಿ ಅದು. ದಿನದ ಸರಾಸರಿ ತೆಗೆದರೆ 95 ಸಾವಿರ ಟನ್ ದಾಟುತ್ತದೆ. ರಾಯಚೂರು ಶಾಖೋತ್ಪನ್ನ ಕೇಂದ್ರದ 1,720 ಮೆಗಾವಾಟ್ ಪೂರ್ತಿ ಓಡಿದರೆ, ಯೂನಿಟ್ಟಿಗೆ 650 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ, ದಿನಕ್ಕೆ ಬೇಕಾಗುವುದು ಸುಮಾರು 27 ಸಾವಿರ ಟನ್. ರಾಯಚೂರಿಗೆ ಕಲ್ಲಿದ್ದಲು ಬರುವುದು ಬೇರೆ ಗಣಿಗಳಿಂದ, ನಿಜ. ಆದರೂ ಅಂಥ ಗಣಿ ಒಂದು ದಿನ ನಿಂತರೆ ಎಷ್ಟು ಕೈತಪ್ಪುತ್ತದೆ ಎಂಬ ಅಂದಾಜು ಇದರಿಂದ ಸಿಗುತ್ತದೆ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾಗಿರುವ ಬರಾಂಜ್ ತೆರೆದ ಗಣಿಗಳಿರುವುದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ. ಆ ಭಾಗದ ಮಳೆಯನ್ನು ವರ್ಷಕ್ಕೆ 1,200 ಮಿ.ಮೀ. ಎಂದಿಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಇದು ಯಾವುದೇ ನಿರ್ದಿಷ್ಟ ಗಣಿಯ ಲೆಕ್ಕವಲ್ಲ. ಗಣಿಯ ಬಾಯಿ 200 ಹೆಕ್ಟೇರ್, ಆಳ 120 ಮೀಟರ್, ಅದರತ್ತ ಇಳಿಜಾರಾಗಿರುವ ಸುತ್ತಲಿನ ನೆಲ 300 ಹೆಕ್ಟೇರ್.

ಗಣಿಯ ಬಾಯಿಗೆ ನೇರವಾಗಿ ಬೀಳುವ ಮಳೆ 24 ಲಕ್ಷ ಘನ ಮೀಟರ್. ಆವಿಯಾಗಿ, ಬಿರುಕುಗಳಲ್ಲಿ ಇಂಗಿ ಹೋದದ್ದನ್ನು ಕಳೆದು ನೂರಕ್ಕೆ 70 ಪಾಲು ತಳ ಸೇರಿದರೂ 16.8 ಲಕ್ಷ. ಇದನ್ನು ತಡೆಯುವ ಉಪಾಯವಿಲ್ಲ. ಇಳಿಜಾರಿನ 36 ಲಕ್ಷ ಘನ ಮೀಟರಿನಲ್ಲಿ ನೂರಕ್ಕೆ 40 ಪಾಲು ಹರಿದುಬಂದರೆ 14.4 ಲಕ್ಷ. ತಡೆಯಬಹುದಾದ ನೀರು ಇದೊಂದೇ. ಗಣಿಯ ಅಂಚಿನ ಮೇಲ್ಭಾಗದಲ್ಲಿ ತೋಡುವ ಸುತ್ತುಗಾಲುವೆ, ಗಣಿಯವರ ಮಾತಿನಲ್ಲಿ ಗಾರ್ಲೆಂಡ್ ಡ್ರೈನ್, ಇದಕ್ಕೆಂದೇ ಇರುವುದು.

ಒಂದು ಘನ ಮೀಟರ್ ನೀರನ್ನು 120 ಮೀಟರ್ ಎತ್ತಲು, ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆ ನೂರಕ್ಕೆ 65 ಇದ್ದರೆ, ಅರ್ಧ ಯೂನಿಟ್ ವಿದ್ಯುತ್ ಬೇಕು. ಇಳಿಜಾರಿನ ನೀರನ್ನು ಒಳಗೆ ಬಿಟ್ಟುಕೊಂಡರೆ ವರ್ಷಕ್ಕೆ 7.2 ಲಕ್ಷ ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ 57.6 ಲಕ್ಷ ರೂಪಾಯಿ, ಅದೂ ಪ್ರತಿ ವರ್ಷ. ಪೈಪಿನ ಘರ್ಷಣೆ, ಪಂಪಿನ ಸವೆತ ಇದರಲ್ಲಿ ಸೇರಿಲ್ಲ.

ಈಗ ಕಾಲುವೆಯ ಖರ್ಚು. ಗಂಟೆಗೆ 60 ಮಿ.ಮೀ. ಸುರಿವ ಮಳೆಗೆ 300 ಹೆಕ್ಟೇರಿನಿಂದ, ಅದೇ ನೂರಕ್ಕೆ 40 ಪಾಲಿನ ಲೆಕ್ಕದಲ್ಲಿ, ಸೆಕೆಂಡಿಗೆ 20 ಘನ ಮೀಟರ್ ಬರುತ್ತದೆ. ತಳ 3 ಮೀಟರ್, ನೀರಿನ ಮಟ್ಟದಲ್ಲಿ ಅಗಲ 7 ಮೀಟರ್, ನೀರಿನ ಆಳ 2 ಮೀಟರ್ ಇದ್ದು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೆ ಸಾಕು. ಮೇಲೆ ಅರ್ಧ ಮೀಟರ್ ಖಾಲಿ ಅಂಚು ಬಿಟ್ಟರೆ 3 ಕಿ.ಮೀ. ಉದ್ದಕ್ಕೆ ಅಗೆತ ಸುಮಾರು 41 ಸಾವಿರ ಘನ ಮೀಟರ್. ಘನ ಮೀಟರಿಗೆ 100 ರೂಪಾಯಿಯಂತೆ 41 ಲಕ್ಷ. ಮೊದಲ ಮಳೆಗಾಲದಲ್ಲೇ ಹಣ ವಾಪಸು! ಕಲ್ಲು ಕಟ್ಟಿ ಖರ್ಚು ದುಪ್ಪಟ್ಟಾದರೂ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ತೀರುತ್ತದೆ. ಗಣಿ ಮುಂದೆ ಸರಿದಂತೆ ಕಾಲುವೆಯನ್ನೂ ಸರಿಸಬೇಕು ಎಂಬ ಆಕ್ಷೇಪ ಸರಿಯೇ. ಆದರೆ ಎರಡು ವರ್ಷಕ್ಕೊಮ್ಮೆ ಹೊಸದಾಗಿ ತೋಡಿದರೂ ಪಂಪಿಗಿಂತ ಅಗ್ಗವೇ. ಏಪ್ರಿಲ್ ತಿಂಗಳಲ್ಲಿ, ನೆಲ ಒಣಗಿರುವಾಗ, ಈ ಕೆಲಸಕ್ಕೆ ಯಂತ್ರ ಬಿಡಲು ಹಿಂಜರಿಯುವುದು ನನ್ನ ದೃಷ್ಟಿಯಲ್ಲಿ ತೀರ ದುಬಾರಿಯ ಉಳಿತಾಯ.

ವರ್ಷದ ಸರಾಸರಿಗಿಂತ ಒಂದೇ ದಿನದ ಮಳೆ ಹೆಚ್ಚು ಅಪಾಯಕಾರಿ. ಗಣಿಗಳಿಗೆ ಕೊಡುವ ಪರಿಸರ ಅನುಮತಿಯಲ್ಲಿ, ತಳದಲ್ಲಿ ನೀರು ಸೇರುವ ಸಂಪಿನ ಸಾಮರ್ಥ್ಯ 50 ವರ್ಷಗಳ ದಾಖಲೆಯ ಗರಿಷ್ಠ ಮಳೆಗಿಂತ ನೂರಕ್ಕೆ 50ರಷ್ಟು ಹೆಚ್ಚಿರಬೇಕು ಎಂಬ ಷರತ್ತು ಸಾಮಾನ್ಯ. ದಿನಕ್ಕೆ 250 ಮಿ.ಮೀ. ಸುರಿದರೆ ನಮ್ಮ ಗಣಿಯ ಬಾಯಿಗೇ 5 ಲಕ್ಷ ಘನ ಮೀಟರ್. ಷರತ್ತಿನಂತೆ ಸಂಪು 7.5 ಲಕ್ಷ, ಅಂದರೆ 250 ಮೀಟರ್ ಉದ್ದ, 200 ಮೀಟರ್ ಅಗಲ, 15 ಮೀಟರ್ ಆಳ. ದಿನಕ್ಕೆ 20 ಗಂಟೆ ಓಡುವ, ಗಂಟೆಗೆ 500 ಘನ ಮೀಟರ್ ಎತ್ತುವ 5 ಪಂಪುಗಳಿಗೆ ಆ 5 ಲಕ್ಷ ಘನ ಮೀಟರ್ ಎತ್ತುವುದು 10 ದಿನದ ಕೆಲಸ. ಕಾಲುವೆ ಒಡೆದು ಇಳಿಜಾರಿನ ನೀರೂ ಬಂತೆನ್ನಿ. ನೆನೆದ ನೆಲ ನೂರಕ್ಕೆ 70 ಪಾಲು ಹರಿಸಿದರೆ ಇನ್ನೂ 5.25 ಲಕ್ಷ ಸೇರುತ್ತದೆ, ಸಂಪು ತುಂಬಿ ಕಲ್ಲಿದ್ದಲಿನ ಹಂತಗಳೇ ಮುಳುಗುತ್ತವೆ, 10 ದಿನ ಹೋಗಿ 20 ದಿನವಾಗುತ್ತದೆ.

ನದಿಯ ಪಕ್ಕದ ನೆಲದಡಿ ಗಣಿಗಳಲ್ಲಿ ಇದು ಜೀವದ ಪ್ರಶ್ನೆ. 1995ರ ಸೆಪ್ಟೆಂಬರಿನಲ್ಲಿ ಧನಬಾದ್ ಬಳಿಯ ಗಸ್ಲಿತಾಂಡ್ ಗಣಿಗೆ, ಭಾರಿ ಮಳೆಯ ರಾತ್ರಿ, ಕತ್ರಿ ನದಿ ನುಗ್ಗಿ 64 ಕಾರ್ಮಿಕರು ಸತ್ತರು. ಗಣಿಯ ಬಾಯಿ ಗರಿಷ್ಠ ಪ್ರವಾಹ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು ಎನ್ನುತ್ತದೆ ನಿಯಮ. ಆ ಒಂದೂವರೆ ಮೀಟರ್ ಮಣ್ಣಿನಲ್ಲಿ ಯಾರೂ ರಿಯಾಯಿತಿ ಕೇಳಬಾರದು.

ಕೊನೆಗೆ ಹೂಳು. ಗಣಿಯಿಂದ ಹೊರಬಿಡುವ ನೀರಿನಲ್ಲಿ ತೇಲುವ ಕಣಗಳು ಲೀಟರಿಗೆ 100 ಮಿಲಿಗ್ರಾಂ ಮೀರುವಂತಿಲ್ಲ. ಇದು 2000ದಿಂದ ಇರುವ ಮಿತಿ. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ 0.1 ಮಿ.ಮೀ. ಇಳಿಯುತ್ತದೆ. 3 ಮೀಟರ್ ಇಳಿಯಲು ಎಂಟು ಗಂಟೆಗೂ ಮೇಲೆ ಬೇಕು. ಅದರ ಐದನೇ ಒಂದು ಪಾಲಿನ ಜೇಡಿ ಕಣಕ್ಕೆ ಎಂಟು ದಿನಕ್ಕೂ ಹೆಚ್ಚು. 50 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳದ ತಿಳಿತೊಟ್ಟಿಯೊಳಗೆ ಆ 5 ಪಂಪುಗಳ ನೀರು ನಿಲ್ಲುವುದು ಬರೀ 72 ನಿಮಿಷ. ಎಂಟು ಗಂಟೆ ನಿಲ್ಲಿಸಲು 20 ಸಾವಿರ ಘನ ಮೀಟರಿನ ತೊಟ್ಟಿ ಬೇಕು, ಜೇಡಿಗೆ ಆಲಂ ಹಾಕಬೇಕು. ನೇರ ಮಳೆಯ 16.8 ಲಕ್ಷ ಘನ ಮೀಟರಿನಲ್ಲಿ ಲೀಟರಿಗೆ 5 ಗ್ರಾಂ ಮಣ್ಣಿದ್ದು, ಅರ್ಧ ಸಂಪಿನಲ್ಲೇ ಉಳಿದರೂ ತೊಟ್ಟಿಗೆ ಬರುವುದು 4,200 ಟನ್. ಆ ಚಿಕ್ಕ ತೊಟ್ಟಿ ಮಳೆಗಾಲ ಮುಗಿಯುವ ಮೊದಲೇ ತುಂಬಿ, ಮಣ್ಣು ನೇರ ಹಳ್ಳಕ್ಕೆ, ಅಲ್ಲಿಂದ ಕೆಳಗಿನ ಊರಿನ ಗದ್ದೆಗೆ ಹೋಗುತ್ತದೆ. ಹೂಳೆತ್ತುವ ಗುತ್ತಿಗೆಯನ್ನು ನವೆಂಬರಿಗೆ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಅದು ಜುಲೈ ಕೊನೆಗೊಮ್ಮೆ, ಸೆಪ್ಟೆಂಬರಿಗೊಮ್ಮೆ ನಡೆಯಬೇಕು. ಒಂದು ತೊಟ್ಟಿಯ ಹೂಳು ತೆಗೆಯುವಾಗ ನೀರು ಹೊರಳಿಸಲು ಪಕ್ಕದಲ್ಲಿ ಇನ್ನೊಂದು ತೊಟ್ಟಿಯಿರಬೇಕು.