ರಾಯಭಾರಿಯ ಕೀಲಿಕೈ

ಸರ್ ಹ್ಯೂ ನ್ಯಾಚ್‌ಬುಲ್-ಹ್ಯೂಗೆಸೆನ್ (1886–1971) ಬ್ರಿಟನ್ನಿನ ವಿದೇಶಾಂಗ ಸೇವೆಗೆ ಸೇರಿದ್ದು 1908ರಲ್ಲಿ. ಈಟನ್, ಆಕ್ಸ್‌ಫರ್ಡಿನ ಓದು. ಆಮೇಲೆ ಬಾಲ್ಟಿಕ್ ದೇಶಗಳು, ಪರ್ಷಿಯಾ. ಅಲ್ಲಿಯವರೆಗೆ ಎಲ್ಲ ರಾಯಭಾರಿಗಳದೂ ಹೆಚ್ಚುಕಡಿಮೆ ಇದೇ ಕಥೆ.

1936ರಲ್ಲಿ ಅವರು ಚೀನಾಕ್ಕೆ ರಾಯಭಾರಿಯಾದರು. ಮರುವರ್ಷ ಆಗಸ್ಟ್ 26ರಂದು ನಾನ್‌ಕಿಂಗ್‌ನಿಂದ ಶಾಂಘೈಗೆ ಹೊರಟಿದ್ದಾಗ, ಬ್ರಿಟಿಷ್ ಬಾವುಟ ಹಾರಿಸಿದ್ದ ಅವರ ಕಾರಿನ ಮೇಲೆ ಜಪಾನೀ ವಿಮಾನ ಗುಂಡಿನ ಮಳೆಗರೆಯಿತು. ಬೆನ್ನಿಗೆ ಗುಂಡು ಹೊಕ್ಕಿತು. ಬದುಕಿ ಉಳಿದದ್ದೇ ಹೆಚ್ಚು. ಇಂದು ಅದನ್ನು ನೆನೆಯುವವರಿಲ್ಲ. ಅವರ ಹೆಸರು ಉಳಿದಿರುವುದು ಒಬ್ಬ ಸೇವಕನಿಂದ.

1939ರಿಂದ ಅವರಿದ್ದದ್ದು ಅಂಕಾರಾದಲ್ಲಿ. ತಟಸ್ಥ ಟರ್ಕಿ ಜರ್ಮನಿಯ ಕಡೆ ವಾಲದಂತೆ ನೋಡಿಕೊಳ್ಳುವ ನಾಜೂಕಿನ ಕೆಲಸ. 1943ರಲ್ಲಿ ಎಲ್ಯೇಸಾ ಬಜ್ನಾ ಎಂಬಾತ ಅವರ ಖಾಸಗಿ ಸೇವಕನಾಗಿ ಸೇರಿದ. ರಹಸ್ಯ ಕಾಗದಗಳನ್ನು ಮನೆಗೆ ತಂದು ರಾತ್ರಿ ಓದುವುದು ರಾಯಭಾರಿಯ ಅಭ್ಯಾಸ. ಯಜಮಾನರು ಸ್ನಾನಕ್ಕಿಳಿದಾಗ ಕೀಲಿಕೈಗಳನ್ನು ಮೇಣಕ್ಕೊತ್ತಿ ಅಚ್ಚು ತೆಗೆದುಕೊಂಡೆ ಎಂದು ಬಜ್ನಾ ಆಮೇಲೆ ಹೇಳಿಕೊಂಡ. ಇಸ್ತ್ರಿ ಮಾಡಿದ ಕೋಟನ್ನು ತಂದಿಡುವ ಆಳಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಬರಬೇಕಿತ್ತು, ನಿಜ. ಬಲ್ಬಿನ ಬೆಳಕಲ್ಲಿ ಲೈಕಾ ಕ್ಯಾಮೆರಾದಿಂದ ತೆಗೆದ ಚಿತ್ರಗಳು ಜರ್ಮನ್ ರಾಯಭಾರ ಕಚೇರಿಯ ಮೊಯ್ಜಿಷ್ ಕೈಸೇರಿದವು. ಮೊದಲ ಎರಡು ಸುರುಳಿಗೇ 20,000 ಪೌಂಡು. ಜರ್ಮನ್ ರಾಯಭಾರಿ ಫಾನ್ ಪಾಪೆನ್ ಅವನಿಗಿಟ್ಟ ಗುಪ್ತನಾಮ ‘ಸಿಸೆರೊ’.

ಬರ್ಲಿನ್ನಿಗೆ ತಲುಪಿದ ಕಾಗದಗಳಲ್ಲಿ ‘ಓವರ್‌ಲಾರ್ಡ್’ ಎಂಬ ಹೆಸರೂ ಇತ್ತು. ನಾರ್ಮಂಡಿ ದಾಳಿಯ ಸಂಕೇತನಾಮ ಅದು. ಆದರೆ ದಾಳಿ ಎಲ್ಲಿ, ಎಂದು ಎಂಬ ವಿವರ ಅವುಗಳಲ್ಲಿರಲಿಲ್ಲ. ಇದು ಬ್ರಿಟಿಷರೇ ಒಡ್ಡಿದ ಬಲೆಯಿರಬಹುದೆಂದು ಜರ್ಮನಿಯ ವಿದೇಶಾಂಗ ಸಚಿವ ರಿಬ್ಬೆನ್‌ಟ್ರಾಪ್ ಶಂಕಿಸುತ್ತಲೇ ಇದ್ದ. ಇತ್ತ ಬರ್ಲಿನ್ನಿನ ವಿದೇಶಾಂಗ ಕಚೇರಿಯಲ್ಲಿದ್ದ ಫ್ರಿಟ್ಸ್ ಕೋಲ್ಬೆ ಎಂಬ ಅಧಿಕಾರಿ, ಅಂಕಾರಾದಲ್ಲಿ ಸೋರಿಕೆಯಿದೆ ಎಂದು ಸ್ವಿಟ್ಜರ್‌ಲ್ಯಾಂಡಿನಲ್ಲಿದ್ದ ಅಮೆರಿಕನ್ನರಿಗೆ ಸುದ್ದಿ ಮುಟ್ಟಿಸಿದ. 1944ರಲ್ಲಿ ಬಜ್ನಾ ಕೆಲಸ ಬಿಟ್ಟ, ಯಾರ ಕೈಗೂ ಸಿಗದೆ.

ರಾಯಭಾರಿಗೆ ಇಲಾಖೆಯ ಛೀಮಾರಿ ಬಿತ್ತು, ಹುದ್ದೆ ಹೋಗಲಿಲ್ಲ. ಬ್ರಸೆಲ್ಸ್‌ಗೆ ವರ್ಗವಾಗಿ 1947ರಲ್ಲಿ ನಿವೃತ್ತರಾದರು. 1949ರ ಆತ್ಮಕಥೆಯಲ್ಲಿ ಸಿಸೆರೊನ ಸುಳಿವೇ ಇಲ್ಲ. ಮರುವರ್ಷ ಮೊಯ್ಜಿಷ್‌ನ ಪುಸ್ತಕ ಎಲ್ಲವನ್ನೂ ಬಯಲಿಗೆಳೆಯಿತು. 1952ರಲ್ಲಿ ಹಾಲಿವುಡ್ ಸಿನಿಮಾ ಬಂತು. ಹಲವು ದೇಶಗಳಲ್ಲಿ ದುಡಿದವರ ಬಾಳು ಒಂದು ಗೊಂಚಲು ಕೀಲಿಕೈಗೆ ಇಳಿದದ್ದು ಆಗ.

ಬಜ್ನಾನಿಗೆ ಸಿಕ್ಕ ಪೌಂಡುಗಳಲ್ಲಿ ಬಹುಪಾಲು ಖೋಟಾ. ಸಾಕ್ಸೆನ್‌ಹೌಸನ್ ಸೆರೆಶಿಬಿರದ ಕೈದಿಗಳಿಂದ ನಾಜಿಗಳು ಅಚ್ಚು ಹಾಕಿಸಿದ ನೋಟುಗಳು ಅವು. ಪರಿಹಾರ ಕೊಡಿ ಎಂದು ಆತ ಪಶ್ಚಿಮ ಜರ್ಮನಿ ಸರ್ಕಾರದ ಬೆನ್ನು ಹತ್ತಿದ; ದಕ್ಕಲಿಲ್ಲ. 1970ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡ. ಯಜಮಾನರು ತೀರಿಕೊಂಡದ್ದು ಮರುವರ್ಷ.